ಕಾರಿಗೆ ಎರಡೂ ಬದ ತೋರಿಸಿದ್ದು

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಸೌಟು, ಚಮಚ, ಟೀ ಸೋಸುವ ಜರಡಿಗಳ ನಡುವೆ ಹತ್ತನೇ ನಂಬರಿನ ಒಂದು ಸ್ಪ್ಯಾನರ್ ಇದೆ. ಬಂದವರು ಚಮಚಕ್ಕೆಂದು ಕೈ ಹಾಕಿದರೆ ಒಮ್ಮೊಮ್ಮೆ ಅದೇ ಕೈಗೆ ಬರುತ್ತದೆ. ಇದೇನು ಇಲ್ಲಿ ಎಂದು ಕೇಳುತ್ತಾರೆ. "ಓ, ದಟ್ ಬಿಲಾಂಗ್ಸ್ ದೇರ್" ಎಂದುಬಿಡುತ್ತೇನೆ. ಕಾನ್ವೆಂಟಿನಲ್ಲಿ ಓದಿದ್ದರಿಂದ ನನಗಾದ ದೊಡ್ಡ ಅನುಕೂಲ ಇದೇ ಇರಬೇಕು. ವಿವರಿಸಲು ಮನಸ್ಸಿಲ್ಲದಾಗ ಒಂದು ಇಂಗ್ಲಿಷ್ ವಾಕ್ಯ ಬಿಟ್ಟರೆ ಸಾಕು, ಹಾಸನದಲ್ಲಿ ಯಾರೂ ಮುಂದಕ್ಕೆ ಕೇಳುವುದಿಲ್ಲ. ನೀವು ಹಾಗೆ ಬಿಡುವವರಲ್ಲ, ನಿಮಗೆ ಹೇಳುತ್ತೇನೆ.

ಆ ಸ್ಪ್ಯಾನರಿನ ಬಾಯಿಯ ಸಂದಿಯಲ್ಲಿ ಕುಂಕುಮ ಸಿಕ್ಕಿಕೊಂಡಿದೆ. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರೂ ಹೋಗಲಿಲ್ಲ. ಈಗ ಉಜ್ಜುವುದನ್ನೇ ಬಿಟ್ಟಿದ್ದೇನೆ. ಅದು ನಮ್ಮ ಯಜಮಾನರದ್ದು. ಅರಕಲಗೂಡಿನ ತೋಟದ ಮನೆಯಲ್ಲಿದ್ದಾಗ ಟ್ರ್ಯಾಕ್ಟರ್ ಶೆಡ್ಡಿನ ಗೋಡೆಯ ಮೇಲೆ ಅವರ ಸ್ಪ್ಯಾನರುಗಳು ಸೈಜಿನ ಪ್ರಕಾರ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನೇತಾಡುತ್ತಿದ್ದವು. ಅವರು ಹೋದ ಮೇಲೆ ಜಮೀನನ್ನು ಮೈದುನನ ಮಕ್ಕಳು ನೋಡಿಕೊಳ್ಳುತ್ತಿದ್ದಾರೆ. ಟ್ರ್ಯಾಕ್ಟರೂ ಶೆಡ್ಡೂ ಅವರ ಪಾಲಿಗೆ ಹೋದವು. ನಾನು ಹಾಸನಕ್ಕೆ ಬರುವಾಗ ಈ ಒಂದು ಸ್ಪ್ಯಾನರ್ ಹೇಗೆ ಬಂತು ಎಂದು ನನಗೆ ಗೊತ್ತಿರಲಿಲ್ಲ. ತಂದವಳು ತಾಯಮ್ಮ ಎಂಬುದು ಹೋದ ದಸರೆಯಲ್ಲಿ ತಿಳಿಯಿತು.

ತಾಯಮ್ಮ ನನ್ನ ನಾದಿನಿ, ಯಜಮಾನರ ಬೆನ್ನಿಗೆ ಹುಟ್ಟಿದ ತಂಗಿ. ಕೊಟ್ಟಿದ್ದು ಚನ್ನರಾಯಪಟ್ಟಣಕ್ಕೆ. ಅಲ್ಲಿ ಗಂಡುಮಕ್ಕಳು, ಸೊಸೆಯರು, ತೆಂಗಿನಕಾಯಿ ಮಂಡಿ ಎಲ್ಲ ಇವೆ. ನಾನು ಹಾಸನಕ್ಕೆ ಮನೆ ಬದಲಿಸುವಾಗ ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಜೊತೆಗೆ ಬಂದವಳು, ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮಕ್ಕಳು ಫೋನ್ ಮಾಡಿ ಕರೆದರೆ, ಅತ್ತಿಗೆಗೆ ಮೈ ಸರಿಯಿಲ್ಲ ಎನ್ನುತ್ತಾಳೆ. ನನ್ನ ಮೈಗೆ ಏನೂ ಆಗಿಲ್ಲ. ಆದರೆ ಅವಳು ಹಾಗೆ ಹೇಳುವಾಗ ನಾನು ಪಕ್ಕದಲ್ಲಿ ಕೂತು ಒಂದೆರಡು ಸಲ ಕೆಮ್ಮಿಕೊಡುತ್ತೇನೆ.

ನಮ್ಮಿಬ್ಬರದು ಮೊದಲಿನಿಂದಲೂ ಇಂಥ ಒಪ್ಪಂದವೇನಲ್ಲ. ನಾನು ಹೊಳೆನರಸೀಪುರದ ಡಾಕ್ಟರ ಮಗಳು, ಹಾಸನದ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಬೆಳೆದವಳು. ಮದುವೆಯಾಗಿ ಹೊಗೆಸೊಪ್ಪು, ಶುಂಠಿ ಬೆಳೆಯುವ ಮನೆಗೆ ಬಂದಾಗ ಹಸುವಿಗೂ "ಎಕ್ಸ್‌ಕ್ಯೂಸ್ ಮಿ" ಎಂದು ಪಕ್ಕಕ್ಕೆ ಸರಿಯುತ್ತಿದ್ದೆನಂತೆ. ಅದನ್ನು ಊರೆಲ್ಲ ಹಬ್ಬಿಸಿದವಳು ತಾಯಮ್ಮ. ಇವತ್ತಿಗೂ ಬೀದಿಯಲ್ಲಿ ಹಸು ಅಡ್ಡ ಬಂದರೆ ನನ್ನ ಮುಖ ನೋಡುತ್ತಾಳೆ.

ಈಗ ನಮ್ಮಿಬ್ಬರ ಪ್ರಪಂಚ ಒಂದು ಬೂದು ಬಣ್ಣದ ಸಣ್ಣ ಕಾರು. ನಾನು ಓಡಿಸುತ್ತೇನೆ, ಅವಳು ಎಡಗಡೆ ಕಿಟಕಿಯ ಪಕ್ಕ ಕೂತು ಬಯಲಿನಲ್ಲಿ ಯಾರ ಜೋಳ ಹೇಗಿದೆ, ಯಾರ ಶುಂಠಿಗೆ ರೋಗ ಬಿದ್ದಿದೆ ಎಂದು ವರದಿ ಒಪ್ಪಿಸುತ್ತಾಳೆ. ಕೆಲಸವಿದ್ದರೆ ಅರಕಲಗೂಡು, ಇಲ್ಲದಿದ್ದರೆ ಎಲ್ಲಾದರೂ. ಕರಿಬೇವು ತರುವುದಕ್ಕೆಂದು ಹೊರಟು ಹೊಳೆನರಸೀಪುರ ತಲುಪಿ, ಸೇತುವೆಯ ಹತ್ತಿರ ಕಾರು ನಿಲ್ಲಿಸಿ, ಹೇಮಾವತಿ ನೋಡಿಕೊಂಡು ವಾಪಸು ಬಂದಿದ್ದೂ ಇದೆ. ಕರಿಬೇವು ಮರೆತಿದ್ದೆವು.

ಆ ಸೇತುವೆ ಕಂಡರೆ ನನಗೆ ಅಪ್ಪನ ಕಾರು ನೆನಪಾಗುತ್ತದೆ. ಕಪ್ಪಗೆ, ಗುಂಡಗೆ, ರೋಗಿಗಳ ವಾಸನೆಯ ಹಳೇ ಕಾರು. ಅದರ ಸ್ಟೀರಿಂಗಿನಲ್ಲಿ ಬಹಳ "ಪ್ಲೇ" ಇತ್ತು. ಅಂದರೆ ನಾವು ತಿರುಗಿಸಿದ ಸುದ್ದಿ ಚಕ್ರಕ್ಕೆ ಮುಟ್ಟಲು ಕೊಂಚ ಹೊತ್ತು ಬೇಕು. ನಮ್ಮ ಬೀದಿಗೆ ತಿರುಗಬೇಕಾದರೆ ಹಿಂದಿನ ಬೀದಿಯಲ್ಲೇ ಮನಸ್ಸು ಮಾಡಬೇಕು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಅದರಲ್ಲೇ ನನಗೆ ಡ್ರೈವಿಂಗ್ ಕಲಿಸಿದರು. ಡಾಕ್ಟರ ಮಗಳು ಕಾರು ಕಲಿಯುತ್ತಿದ್ದಾಳೆ ಎಂದು ಜನ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ರಸ್ತೆಯಲ್ಲಿ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ.

ಇರಲಿ, ದಸರೆಗೆ ಬರುತ್ತೇನೆ. ಬರುವ ಮುಂಚೆ ನನ್ನ ಮಗಳು ಶೈಲಳನ್ನು ಪರಿಚಯಿಸಬೇಕು. ಹೊಳೆನರಸೀಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಾಳೆ, ಮನೆಯೂ ಅಲ್ಲೇ. ಒಳ್ಳೆಯವಳು, ಆದರೆ ಲೆಕ್ಕದ ಮನಸ್ಸಿನವಳು. ಹೋದ ಬೇಸಿಗೆಯಲ್ಲಿ ನಾನು ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ಕಾರು ಸವರಿದೆ. ಆಮೇಲೆ ಹೊಳೆನರಸೀಪುರದ ಸಂತೆಯ ಹತ್ತಿರ ಒಬ್ಬನ ಎಳನೀರಿನ ರಾಶಿಗೆ ಹಿಂದಿನಿಂದ ಮೃದುವಾಗಿ ತಾಗಿಸಿದೆ. ಎಳನೀರಿಗೆ ಏನೂ ಆಗಲಿಲ್ಲ. ಶೈಲ ಬಂದಳು, ಕಾಫಿ ಕುಡಿದಳು, ಬೈಯಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ಅಮ್ಮ, ಇನ್ನೊಂದು ಏನಾದ್ರೂ ಆದ್ರೆ ಕೀ ನನಗೆ ಕೊಟ್ಬಿಡು. ಪ್ರಾಮಿಸ್?" ಎಂದಳು. ಬೈದಿದ್ದರೆ ಜಗಳವಾಡಬಹುದಿತ್ತು. ಕೈ ಹಿಡಿದುಕೊಂಡಿದ್ದಳಲ್ಲ, ಪ್ರಾಮಿಸ್ ಎಂದೆ. ತಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಆವತ್ತು ರಾತ್ರಿ ಅವಳು ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು.

ಆಯುಧಪೂಜೆಯ ದಿನ ಇಬ್ಬರೂ ಸೇರಿ ಕಾರು ತೊಳೆದು, ವಿಭೂತಿ ಪಟ್ಟೆ ಎಳೆದು, ಸೇವಂತಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮಾಡಿ ಪೋರ್ಟಿಕೋದಲ್ಲಿ ನಿಲ್ಲಿಸಿದೆವು. ಮಾರನೆಯ ದಿನ ವಿಜಯದಶಮಿ. ಶೈಲ ಮಧ್ಯಾಹ್ನದ ಊಟಕ್ಕೆ ಬರುವವಳಿದ್ದಳು. ಬೆಳಿಗ್ಗೆ ಬಾಳೆಎಲೆ ತರೋಣವೆಂದು ಕಾರು ಸ್ಟಾರ್ಟ್ ಮಾಡಿದೆ. ಎದುರಿಗೆ ಒಂದು ಹಳದಿ ದೀಪ ಹತ್ತಿಕೊಂಡಿತು. ಸ್ಟೀರಿಂಗಿನ ಚಿತ್ರ, ಅದರ ಪಕ್ಕ ಒಂದು ಉದ್ಗಾರ ಚಿಹ್ನೆ.

ಆಫ್ ಮಾಡಿ ಆನ್ ಮಾಡಿದೆ. ಹೋಗಲಿಲ್ಲ. ಸ್ಟೀರಿಂಗ್ ತಿರುಗಿಸಿ ನೋಡಿದರೆ ರುಬ್ಬುವ ಗುಂಡಿನಷ್ಟು ಭಾರ. "ಇನ್ನೊಂದು ಏನಾದ್ರೂ" ಎಂದಿದ್ದಳಲ್ಲ ಮಗಳು, ಆ ಇನ್ನೊಂದು ಹಳದಿ ಬಣ್ಣದಲ್ಲಿ ನನ್ನನ್ನೇ ನೋಡುತ್ತಿತ್ತು. ನಾನೇ ಏನೋ ಮಾಡಿದ್ದೇನೆ, ಏನು ಎಂದು ನೆನಪಿಲ್ಲ, ಈ ವಯಸ್ಸಿನಲ್ಲಿ ಹೀಗೇ ಶುರುವಾಗುವುದು ಎಂದುಕೊಂಡೆ. ಗ್ಯಾರೇಜಿನವನಿಗೆ ಫೋನ್ ಮಾಡಿದರೆ, ನಿನ್ನೆ ಪೂಜೆಗಿಟ್ಟ ಟೂಲ್ಸ್ ಇನ್ನೂ ಎತ್ತಿಲ್ಲ ಮೇಡಂ, ನಾಳೆ ತನ್ನಿ ಎಂದ.

ಸುಮ್ಮನೆ ಸೀಟಿನಲ್ಲಿ ಕೂತಿದ್ದೆ. ಆಗ ಕಾರಿನ ಗಡಿಯಾರ ಕಣ್ಣಿಗೆ ಬಿತ್ತು. ಹೊರಗೆ ಬಿಸಿಲು ಬಂದಿದ್ದರೆ ಕಾರಿನೊಳಗೆ ಆಗಷ್ಟೇ ಮಧ್ಯರಾತ್ರಿ ಕಳೆದಂತಿತ್ತು. ರೇಡಿಯೋ ಹಾಕಿದರೆ ನನ್ನ ಸ್ಟೇಷನ್ನುಗಳೆಲ್ಲ ಮಾಯ, ಬರೀ ಗೊರಗೊರ. ಸ್ಟೀರಿಂಗ್ ಒಂದೇ ಅಲ್ಲ, ಕಾರು ಎಲ್ಲವನ್ನೂ ಮರೆತಿತ್ತು. ರಾತ್ರಿಯೆಲ್ಲ ಅದಕ್ಕೆ ಕರೆಂಟೇ ಇರಲಿಲ್ಲ ಎಂದಾಯಿತು.

ತಾಯಮ್ಮನನ್ನು ಕರೆದೆ. ಅವಳು ಬಂದು ನಿಂತ ರೀತಿಯಲ್ಲೇ ಅರ್ಧ ಉತ್ತರವಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನೀನೇನಾದ್ರೂ ಮುಟ್ಟಿದೆಯೇನೇ?"

"ಬ್ಯಾಟ್ರಿ ವೈರು ಬಿಚ್ಚಿದ್ದೆ ಕಣತ್ಗೆ. ಬೆಳಿಗ್ಗೆ ಎದ್ದೇಟ್ಗೆ ಮತ್ತೆ ಆಕ್ಬುಟ್ಟೆ. ಸರಿಯಾಗೇ ಆಕಿವ್ನಿ."

ಯಾಕೆ ಎಂದು ನಾನು ಕೇಳಬೇಕಾಗಲಿಲ್ಲ, ಅವಳೇ ಹೇಳಿದಳು. ಆಯುಧಪೂಜೆ ದಿನ ಪೂಜೆಯಾದ ಮೇಲೆ ಆಯುಧ ಮುಟ್ಟಬಾರದು. ನೇಗಿಲು, ಕುಡುಗೋಲು, ಈಳಿಗೆಮಣೆ ಎಲ್ಲಕ್ಕೂ ಅವತ್ತು ರಜ. ಅರಕಲಗೂಡಿನಲ್ಲಿ ಟ್ರ್ಯಾಕ್ಟರಿಗೂ ರಜ. ಯಾರಾದರೂ ಅರ್ಜೆಂಟ್ ಎಂದು ಓಡಿಸಿಕೊಂಡು ಹೋದಾರೆಂದು ಬ್ಯಾಟರಿಯ ವೈರನ್ನೇ ಬಿಚ್ಚಿಡುತ್ತಿದ್ದರು. ಇಲ್ಲಿ ಹಾಸನದಲ್ಲಿ ಹಾರ ಹಾಕಿಸಿಕೊಂಡು ಮಲಗಿರಬೇಕಾದ ಕಾರಿನೊಳಗೆ ಕಳ್ಳರ ಅಲಾರಮ್ಮಿನ ಕೆಂಪು ದೀಪ ಪಿಳಿಪಿಳಿ ಅನ್ನುತ್ತಿತ್ತಂತೆ. ಪಾಪ, ಇದಕ್ಕೊಂದೇ ರಜ ಇಲ್ಲವಲ್ಲ ಅನ್ನಿಸಿತಂತೆ.

"ಅಣ್ಣ ಬಿಚ್ತಿದ್ದ," ಎಂದಳು. "ಈ ಸ್ಪ್ಯಾನರ್‌ನಾಗೇ. ಒಂದಿನ ಅದೂ ಉಸಿರಾಡ್ಕಳ್ಳಿ ಬುಡು ಅಂತಿದ್ದ. ಅದುಕ್ಕೇ ಬರೋವಾಗ ಇದೊಂದ ತಂದಿದ್ದೆ."

ಸೊಂಟದಿಂದ ಸ್ಪ್ಯಾನರ್ ತೆಗೆದು ತೋರಿಸಿದಳು. ಅದಕ್ಕೂ ಕುಂಕುಮ ಇಟ್ಟಿದ್ದಳು.

ನನಗೆ ಸಿಟ್ಟು ಬರಬೇಕಿತ್ತು. ಶೆಡ್ಡಿನ ಬಾಗಿಲಲ್ಲಿ ಅವರು ಬಗ್ಗಿ ನಿಂತು ನಟ್ಟು ಸಡಿಲಿಸುತ್ತಿದ್ದದ್ದು, ಬಿಚ್ಚಿದ ಮೇಲೆ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟುತ್ತಿದ್ದದ್ದು ಕಣ್ಣ ಮುಂದೆ ಬಂತು. ಅದನ್ನು ನಾನು ಮರೆತೇಬಿಟ್ಟಿದ್ದೆ. ತಂಗಿ ಮರೆತಿರಲಿಲ್ಲ. ಸಿಟ್ಟಿಗೆ ಜಾಗ ಸಿಗಲಿಲ್ಲ.

ಇಷ್ಟಾದರೂ ದೀಪ ಉರಿಯುತ್ತಲೇ ಇತ್ತು. "ಶೈಲ ಕೀ ಈಸ್ಕಂಡ್ ಓಯ್ತಾಳಾ?" ಎಂದು ತಾಯಮ್ಮ ಕೇಳಿದಳು. ನಾನು ಕನ್ನಡಕ ಹುಡುಕಿ ಫೋನ್ ತೆಗೆದೆ.

ಯೂಟ್ಯೂಬಿನಲ್ಲಿ ಈ ಕಾಯಿಲೆಗೆ ವೈದ್ಯರು ಬೇಕಾದಷ್ಟಿದ್ದಾರೆ. ಒಬ್ಬ ಹಿಂದಿಯಲ್ಲಿ ಬಹಳ ಹೊತ್ತು ತನ್ನ ಚಾನೆಲ್ಲಿನ ಬಗ್ಗೆಯೇ ಹೇಳಿಕೊಂಡ. ಇನ್ನೊಬ್ಬ ಯಾವುದೋ ದೇಶದವನು ಚ್ಯೂಯಿಂಗ್ ಗಮ್ ಅಗಿಯುತ್ತ ಇಂಗ್ಲಿಷ್ ಮಾತಾಡಿದ. ಎಲೊಕ್ಯೂಷನ್ ಎಂಬ ಇಂಗ್ಲಿಷ್ ಭಾಷಣದ ಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು. ಆದರೂ ಅವನ ಒಂದು ವಾಕ್ಯವನ್ನು ಹಿಂದೆ ಮುಂದೆ ಮಾಡಿ ಕೇಳಬೇಕಾಯಿತು. ಕಾನ್ವೆಂಟಿನ ನಮ್ಮ ಸಿಸ್ಟರ್ ಅಗಾಥ ಇದ್ದಿದ್ದರೆ ಅವನ ಬಾಯಿಂದ ಮೊದಲು ಗಮ್ ತೆಗೆಸುತ್ತಿದ್ದರು. ಕೊನೆಗೆ ಅರ್ಥವಾಗಿದ್ದು ಇಷ್ಟು. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಲೆಕ್ಕ ಇಡಲು ಒಳಗೆ ಒಂದು ಸೆನ್ಸರ್ ಇರುತ್ತದೆ. ಬ್ಯಾಟರಿ ಬಿಚ್ಚಿದರೆ ಅದಕ್ಕೆ ನೇರ ಯಾವುದು ಎಂಬುದೇ ಮರೆತುಹೋಗುತ್ತದೆ. ಕೆಟ್ಟಿಲ್ಲ, ಮರೆತಿದೆ ಅಷ್ಟೆ. ಎಂಜಿನ್ ಆನ್ ಮಾಡಿ ಎಡಕ್ಕೆ ಕೊನೆಯವರೆಗೂ ತಿರುಗಿಸಬೇಕು, ಬಲಕ್ಕೆ ಕೊನೆಯವರೆಗೂ ತಿರುಗಿಸಬೇಕು, ನಡುವಿಗೆ ತಂದು ಸ್ವಲ್ಪ ದೂರ ನೆಟ್ಟಗೆ ಓಡಿಸಬೇಕು.

ಇದನ್ನು ತಾಯಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

"ಇಷ್ಟೇಯಾ? ಒಸ ಎತ್ತಿಗೆ ವಲದ ಎರಡೂ ಬದ ತೋರ್ಸಿದಂಗೆ. ಈ ಬದ ಇಲ್ಲಿ ಅದೆ, ಆ ಬದ ಅಲ್ಲಿ ಅದೆ ಅಂತ ಗೊತ್ತಾದ್ರೆ ನಡುವೆ ಅದೇ ನಡೀತದೆ."

ಬದ ಎಂದರೆ ಹೊಲದ ಅಂಚಿನ ಬದು. ಫೋನಿನವನಿಗಿಂತ ಇವಳು ಚೆನ್ನಾಗಿ ಹೇಳಿದಳು, ಗಮ್ ಇಲ್ಲದೆ.

ಪೋರ್ಟಿಕೋದಲ್ಲೇ ಶುರು ಮಾಡಿದೆವು. ಎಡಕ್ಕೆ ತಿರುಗಿತು. ಬಲಕ್ಕೆ ಅರ್ಧ ತಿರುಗಿಸುವಷ್ಟರಲ್ಲಿ ಚಕ್ರ ಜಗಲಿಯ ಮೆಟ್ಟಿಲಿಗೆ ತಾಗಿ ನಿಂತಿತು. ಆ ಬದ ತೋರಿಸದೆ ದೀಪ ಆರುವುದಿಲ್ಲ. ಕಾರನ್ನು ಬೀದಿಗೆ ತೆಗೆಯಬೇಕು. ಗೇಟಿನ ಎದುರು ತಾಯಮ್ಮ ಬೆಳಿಗ್ಗೆ ಎದ್ದು ಹಾಕಿದ ಹಬ್ಬದ ರಂಗೋಲಿ ಇತ್ತು. ನಾನು ಅನುಮಾನಿಸಿದೆ. ಅವಳು ರಂಗೋಲಿ ನೋಡಿದಳು, ನನ್ನನ್ನು ನೋಡಿದಳು, ಬಾ ಎಂದು ಕೈ ಬೀಸಿದಳು. ಭಾರದ ಸ್ಟೀರಿಂಗ್ ಹಿಡಿದು, ಹಿಂದೆ ಸವರಿದ್ದ ಕಂಬವನ್ನೇ ದಿಟ್ಟಿಸಿಕೊಂಡು ಹಿಂದಕ್ಕೆ ಬಂದೆ. ಕಂಬ ಉಳಿಯಿತು.

ಎದುರುಮನೆಯ ರಿಟೈರ್ಡ್ ಬ್ಯಾಂಕಿನವರು ಪೇಪರ್ ಮಡಚಿಟ್ಟು ಕಾಂಪೌಂಡಿಗೆ ಬಂದರು. ಏನು ತೊಂದರೆ, ಯಾರನ್ನಾದರೂ ಕರೆಸಲೇ ಎಂದರು. "ವಿ ಆರ್ ಜಸ್ಟ್ ಟೀಚಿಂಗ್ ಇಟ್" ಎಂದೆ. ಅವರು ಮುಂದಕ್ಕೆ ಕೇಳಲಿಲ್ಲ.

ತಾಯಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಕಾರಿನ ಎದುರಿಗೆ ನಿಂತಳು. ನಾನು ಎರಡೂ ಕೈಯಲ್ಲಿ ಜಗ್ಗಿ ಎಡಕ್ಕೆ ತಿರುಗಿಸಿದೆ. "ಬರ್ಲಿ, ಬರ್ಲಿ, ಇನ್ನೊಸಿ," ಎನ್ನುತ್ತ ಅವಳೂ ಎಡಕ್ಕೆ ವಾಲಿದಳು. ಬಲಕ್ಕೆ ತಿರುಗಿಸಿದೆ, ಬಲಕ್ಕೆ ವಾಲಿದಳು. ಚಕ್ರಗಳು ರಂಗೋಲಿಯ ಮೇಲೆ ನಿಂತಲ್ಲೇ ಹೊರಳಿ ಬಿಳಿ ಕೆಂಪು ಎಲ್ಲ ಕಲಸಿದವು. ನಡುವಿಗೆ ತಂದೆ. ನನ್ನ ಲೆಕ್ಕದಲ್ಲಿ ನೆಟ್ಟಗಿತ್ತು. ಅವಳು ಬಗ್ಗಿ ಚಕ್ರ ನೋಡಿ, ಇನ್ನೂ ಒಸಿ ಓರೆ ಎಂದಳು. ನಾನು ಕೂದಲೆಳೆಯಷ್ಟು ತಿರುಗಿಸುವುದು, ಅವಳು ಒಂದು ಕಣ್ಣು ಮುಚ್ಚಿ ತಪಾಸಣೆ ಮಾಡುವುದು, ಹೀಗೇ ನಡೆಯಿತು. ಕೊನೆಗೆ ಸೈ ಎಂದಳು. ಆಫ್ ಮಾಡಿ ಆನ್ ಮಾಡಿದೆ. ದೀಪ ಇದ್ದಲ್ಲೇ ಇತ್ತು.

ತಾಯಮ್ಮನ ಮುಖ ಸಣ್ಣಗಾಯಿತು. ನೆಟ್ಟಗೆ ಓಡಿಸುವುದು ಬಾಕಿಯಿದೆ, ಕಾರು ಹತ್ತು ಎಂದೆ. ಅವಳು ಬಂದು ತನ್ನ ಕಿಟಕಿಯ ಪಕ್ಕ ಕೂತಳು.

ನಮ್ಮ ಬೀದಿ ನೀರಿನ ಟ್ಯಾಂಕಿನವರೆಗೆ ನೇರವಾಗಿದೆ. ನನಗೆ ಕಾನ್ವೆಂಟಿನ ವರಾಂಡ ನೆನಪಾಯಿತು. ಕೆಂಪು ನೆಲದ ಮೇಲೆ ಸಿಸ್ಟರ್ ಅಗಾಥ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ನಡೆಸುತ್ತಿದ್ದರು. ಗೆರೆ ನೋಡಲು ತಲೆ ತಗ್ಗಿಸಿದವರ ಪುಸ್ತಕ ಬೀಳುತ್ತಿತ್ತು. ನನ್ನದು ದಿನಾ ಬೀಳುತ್ತಿತ್ತು. "ಐಸ್ ಫ್ರಂಟ್, ಗರ್ಲ್ಸ್. ದ ಫೀಟ್ ವಿಲ್ ಫಾಲೋ." ಈ ವಿದ್ಯೆ ಅರಕಲಗೂಡಿನ ಗದ್ದೆ ಬದುವಿನ ಮೇಲೆ ಕಾಲು ಜಾರಿ ಬಿದ್ದಾಗಲೂ ಪ್ರಯೋಜನಕ್ಕೆ ಬಂದಿರಲಿಲ್ಲ. ಈಗ ಹಳದಿ ದೀಪವನ್ನು ನೋಡಬಾರದೆಂದು ಟ್ಯಾಂಕಿನ ನೆತ್ತಿಗೇ ಕಣ್ಣು ನೆಟ್ಟು ಓಡಿಸಿದೆ. ಹಾಗಾಗಿ ಅದು ಯಾವಾಗ ಆರಿತೋ ನನಗೆ ಗೊತ್ತಿಲ್ಲ. ಕೈಯೊಳಗೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹೂವಿನ ಹಾಗಾಯಿತು.

"ಅತ್ಗೆ," ಎಂದಳು ತಾಯಮ್ಮ, ಮಲಗಿದ ಮಗುವಿನ ಪಕ್ಕ ಮಾತಾಡುವವಳಂತೆ. "ಆರೋಯ್ತು."

ಟ್ಯಾಂಕಿನ ಹತ್ತಿರ ಕಾರು ತಿರುಗಿಸಿಕೊಂಡೆ. ಆಮೇಲೆ ಹೋಗಿ ಬಾಳೆಎಲೆ ತಂದೆವು.

ಶೈಲ ಬಂದಾಗ ಅಡುಗೆ ಮುಗಿದಿತ್ತು. ಆಟೋ ಇಳಿದವಳು ಗೇಟಿನ ಎದುರು ನಿಂತುಬಿಟ್ಟಳು. ರಂಗೋಲಿಯಲ್ಲಿ ಎರಡು ದೊಡ್ಡ ಬೀಸಣಿಗೆ ಬಿಚ್ಚಿದಂಥ ಗುರುತು. ಮಗಳಿಗೆ ಏನೂ ಹೇಳದೆ ಇರಬಹುದಿತ್ತು, ದೀಪ ಆರಿತ್ತಲ್ಲ. ಆದರೆ ಅವಳು ಫಿಸಿಕ್ಸಿನವಳು, ಗುರುತು ನೋಡಿ ಚಕ್ರ ಎತ್ತ ತಿರುಗಿತು ಎಂದು ಹೇಳುವವಳು. ನಾನು ಬಾಯಿ ತೆರೆಯುವ ಮೊದಲೇ ತಾಯಮ್ಮ ಸಾರಿನ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ನಾನೇ ಕಣವ್ವ ಮಾಡಿದ್ದು. ಅವ್ರ ಕೀ ಕಿತ್ಕಬ್ಯಾಡ. ಬೇಕಾರೆ ನನ್ನ ಪಟ್ಣಕ್ಕೆ ಕಳ್ಸು."

ತಾಯಮ್ಮ ತನ್ನನ್ನು ಚನ್ನರಾಯಪಟ್ಟಣಕ್ಕೆ ಕಳಿಸಿ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಎಲ್ಲವನ್ನೂ ಹೇಳಿದೆ: ರಜ, ಬ್ಯಾಟರಿ, ಸೆನ್ಸರ್, ಟ್ಯಾಂಕು. ಶೈಲ ಒಳಗೆ ಹೋಗಿ ಮೊಳೆಯಲ್ಲಿ ನೇತುಹಾಕಿದ್ದ ಕೀ ತೆಗೆದುಕೊಂಡು ಬಂದು ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದಳು. ದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಆಫ್ ಮಾಡಿ ಕೀಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಊಟ ನಡೆಯಿತು. ಹೋಳಿಗೆ ಚೆನ್ನಾಗಿತ್ತು ಎಂದು ಅವಳು ಹೇಳಿದ ನೆನಪು. ನನಗೆ ಬ್ಯಾಗಿನ ಮೇಲೇ ಕಣ್ಣು.

ಊಟವಾದ ಮೇಲೆ ಶೈಲ ಎದ್ದು ಕೀ ತೆಗೆದು ನನ್ನ ಮುಂದೆ ಹಿಡಿದಳು. "ನಡಿ, ಬೂವನಹಳ್ಳಿ ತನಕ ಓಡಿಸು. ನಾನು ಪಕ್ಕ ಕೂತು ನೋಡ್ತೀನಿ. ಆಮೇಲೆ ಹೇಳ್ತೀನಿ." ಸೀಟಿನ ವಿಷಯ ಬಂದಾಗ ತಾಯಮ್ಮ ತನ್ನ ಕಿಟಕಿಯನ್ನು ಬಿಟ್ಟುಕೊಟ್ಟು ಹಿಂದೆ ಕೂತಳು.

ಅಪ್ಪನ ಪಕ್ಕ ಕಲಿಯುವಾಗಲೂ ನಾನು ಇಷ್ಟು ಹುಷಾರಾಗಿ ಓಡಿಸಿರಲಿಲ್ಲ. ಊರೊಳಗೆ ಹಬ್ಬದ ಜನ. ಹಾರ ಹಾಕಿದ ಲಾರಿ, ಬಾಳೆಕಂದು ಕಟ್ಟಿದ ಆಟೋ, ಅಡ್ಡ ಬಂದ ಒಂದು ಹಸು. ಹಿಂದಿನ ಸೀಟಿನಿಂದ ಸಣ್ಣಗೆ "ಎಕ್ಸ್‌ಕ್ಯೂಸ್ ಮಿ" ಎಂಬ ದನಿ ಬಂತು. ನಾನು ನಗಲಿಲ್ಲ, ಪರೀಕ್ಷೆ ನಡೆಯುತ್ತಿತ್ತು. ಶೈಲ ಮೊದಲು ಕನ್ನಡಿ ನೋಡು ಎಂದಳು, ಇಂಡಿಕೇಟರ್ ಎಂದಳು. ಹೆದ್ದಾರಿಗೆ ಬಂದ ಮೇಲೆ, ಮೊನ್ನೆ ತನಕ ಪೇಪರ್ ವ್ಯಾಲ್ಯುಯೇಶನ್ ಇತ್ತು, ಕಣ್ಣು ಉರಿಯುತ್ತೆ ಎಂದಳು. ನಾನು ಐಸ್ ಫ್ರಂಟ್. ಎಡಬಲಕ್ಕೆ ಜೋಳದ ಹೊಲ, ಅದರಾಚೆ ವಿಮಾನ ನಿಲ್ದಾಣ ಬರುತ್ತದೆ ಎಂದು ನಾನು ಬಹಳ ಕಾಲದಿಂದ ಕೇಳುತ್ತಿರುವ ಬಯಲು.

ಬೂವನಹಳ್ಳಿಯ ತಿರುವು ಹತ್ತಿರ ಬಂದಾಗ, ತಿರುಗಿಸಲಾ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಕೋಪಗೊಂಡಿದ್ದಾಳೆ, ಏನೋ ತಪ್ಪು ಮಾಡಿದೆ ಎಂದುಕೊಂಡೆ. ರಸ್ತೆಯಿಂದ ಕಣ್ಣು ಕೀಳುವ ಧೈರ್ಯವಾಗಲಿಲ್ಲ.

ಹಿಂದಿನಿಂದ ತಾಯಮ್ಮ ನನ್ನ ಭುಜದ ಹತ್ತಿರ ಬಗ್ಗಿದಳು. "ಮೆಲ್ಲುಕ್ ಓಡ್ಸು ಅತ್ಗೆ. ಮಗ ಮಲಗವ್ಳೆ."

ಓರೆಗಣ್ಣಿನಲ್ಲಿ ನೋಡಿದೆ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಚಿಕ್ಕವಳಿದ್ದಾಗ ಅರಕಲಗೂಡಿನಿಂದ ಬರುವಾಗ ಅವರ ಅಪ್ಪ ಜೀಪ್ ಓಡಿಸಿದರೆ ಮಾತ್ರ ನಿದ್ದೆ ಹೋಗುತ್ತಿದ್ದಳು. ನಾನು ಓಡಿಸಿದರೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳು.

ತಿರುವು ತೆಗೆದುಕೊಂಡರೆ ತಲೆ ಅಲುಗಿ ಎಚ್ಚರವಾದೀತು. ನೇರಕ್ಕೆ ಬಿಟ್ಟೆ. ಬೂವನಹಳ್ಳಿ ಹಿಂದಾಯಿತು. ಎಕ್ಸಾಮಿನರ್ ಎದ್ದ ಮೇಲೆ ಮಾರ್ಕ್ಸ್ ಕೊಡಲಿ, ಅವಸರವಿಲ್ಲ.

ಬಹಳ ದೂರ ಹೋದ ಮೇಲೆ ತಾಯಮ್ಮ ಮತ್ತೆ ಪಿಸುಗುಟ್ಟಿದಳು, "ಇದು ಪಟ್ಣದ ರಸ್ತೆ ಅಲ್ವಾ? ಅಲ್ಲಿಗಂಟ ಓದ್ರೆ ಮಕ್ಳು ನನ್ನ ಇಳಿಸ್ಕಂಬುಡ್ತಾರೆ."

ನಾನು ಎರಡು ಸಲ ಕೆಮ್ಮಿದೆ, ಮಗಳಿಗೆ ಕೇಳಿಸದ ಹಾಗೆ ಮೆಲ್ಲಗೆ.